ಮಾರಿದ ನಮ್ಮ ಮನೆಯ ಜಾವಾವನ್ನು ಈಗ ಹುಡುಕಿಕೊಂಡು ಹೋಗಬಹುದೇ?

ತೋಟದಮನೆ, ಶಿರಸಿ:

ಮಾನ್ಯರೇ,

ನಮ್ಮ ಮನೆಯಲ್ಲಿ 1968ರ ಜಾವಾ 250 ಬೈಕು ಇತ್ತು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ, ಕಡುಗೆಂಪು ಬಣ್ಣದ, ಟ್ಯಾಂಕಿನ ಎರಡೂ ಪಕ್ಕಕ್ಕೆ ಕ್ರೋಮಿನ ಹೊಳಪಿದ್ದ ಆ ಬೈಕನ್ನು ಅಪ್ಪಯ್ಯ ಹೊಸದಾಗಿಯೇ ಕೊಂಡು ತಂದಿದ್ದರು. ಅವರ ಕಾಲು ಸೋತ ಮೇಲೆ ಅದು ನನ್ನ ಕೈಗೆ ಬಂತು. 1998ರಲ್ಲಿ ತಂಗಿಯ ಮದುವೆಯೂ ಮನೆಯ ಮಾಡನ್ನು ಹೊಸದಾಗಿ ಹೊದಿಸುವ ಕೆಲಸವೂ ಒಟ್ಟಿಗೇ ಬಂದವು. ಮೈಸೂರಿನ ಕಾರ್ಖಾನೆ 1996ರಲ್ಲೇ ನಿಂತುಹೋಗಿದ್ದರಿಂದ ಬಿಡಿಭಾಗಗಳು ಸಿಗುವುದೂ ಕಷ್ಟವಾಗಿತ್ತು. ಹಳಿಯಾಳದ ಕಡೆಯವರೊಬ್ಬರು ಕೇಳಿಕೊಂಡು ಬಂದರು, ಮನೆಯವರೆಲ್ಲ ಕೂತು ಮಾತಾಡಿ ಕೊಟ್ಟೆವು. ಮಾರಿದ್ದಕ್ಕೆ ತಕ್ಕ ಕಾರಣವಿತ್ತು, ಅದರ ಬಗ್ಗೆ ನನಗೆ ತಕರಾರಿಲ್ಲ.

ಆದರೆ ಆ ಬೈಕಿನ ನೆನಪು ಮಾತ್ರ ಹೋಗಿಲ್ಲ. ಜಾವಾ ಓಡಿಸಿದವರಿಗೆ ಗೊತ್ತಿರುವಂತೆ ಅದರಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಎಡಗಾಲಿನ ಬಳಿಯ ಗೇರ್ ಲಿವರನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ನೆಟ್ಟಗೆ ನಿಲ್ಲಿಸಿದರೆ ಅದೇ ಕಿಕ್ ಆಗುತ್ತಿತ್ತು. ಎಂಜಿನ್ ಹಿಡಿದೊಡನೆ ಅದನ್ನು ಮತ್ತೆ ಮುಂದಕ್ಕೆ ಮಲಗಿಸಿ, ಕ್ಲಚ್ ಹಿಡಿದು, ಮೊದಲ ಗೇರು ಹಾಕಬೇಕಾಗಿತ್ತು. ಹೊಸದಾಗಿ ಕಲಿಯುವವರು ಇದರಲ್ಲೇ ತಡವರಿಸುತ್ತಿದ್ದರು. ಅಪ್ಪಯ್ಯ ಮಾತ್ರ ಪಂಚೆ ಎತ್ತಿ ಕಟ್ಟಿಕೊಂಡು, ಕೆಳಗೆ ನೋಡದೆ, ಒಂದೇ ಬೀಸಿನಲ್ಲಿ ಇಷ್ಟನ್ನೂ ಮುಗಿಸುತ್ತಿದ್ದರು. ಚೈನಿಗೆ ಪೂರ್ತಿ ಮುಚ್ಚಿದ ಕವರ್ ಇದ್ದುದರಿಂದ ನಮ್ಮ ಮಣ್ಣುರಸ್ತೆಯ ಕೆಸರು ಅದನ್ನು ಮುಟ್ಟುತ್ತಿರಲಿಲ್ಲ. ಮಳೆಗಾಲದಲ್ಲಿ ಪೇಟೆಯವರ ಹೊಸ ಬೈಕುಗಳು ಹೂತುಕೊಳ್ಳುವ ಜಾಗದಲ್ಲೂ ನಮ್ಮದು ಎರಡನೆಯ ಗೇರಿನಲ್ಲಿ ನಿಧಾನವಾಗಿ ಎಳೆದುಕೊಂಡು ಬರುತ್ತಿತ್ತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳಿದ್ದ ಅದರ ಶಬ್ದವೇ ಬೇರೆ. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತವರು, ಶಬ್ದ ಏರಿ ಇಳಿಯುವುದನ್ನು ಕೇಳಿಯೇ, ಅಪ್ಪಯ್ಯ ಈಗ ಹೊಳೆಯ ತಿರುವಿಗೆ ಬಂದರು, ಈಗ ಏರು ಹತ್ತಿದರು ಎಂದು ಹೇಳುತ್ತಿದ್ದರು. ಅವರ ಮಾತು ತಪ್ಪಿದ್ದು ನನಗೆ ನೆನಪಿಲ್ಲ.

ಈಗ ಮಗ ಅದೇ ಬೈಕನ್ನು ಹುಡುಕೋಣ ಎನ್ನುತ್ತಿದ್ದಾನೆ. ಇಷ್ಟು ವರ್ಷಗಳ ಮೇಲೆ ಹುಡುಕುವ ದಾರಿ ಇದೆಯೇ? ಇದ್ದರೂ, ಒಮ್ಮೆ ಕೊಟ್ಟದ್ದನ್ನು ಹಿಂದೆ ಕೇಳಿಕೊಂಡು ಹೋಗುವುದು ಸರಿಯೇ? ಹಳೆಯ ಬೈಕನ್ನು ಹೀಗೆ ಕೈಬಿಟ್ಟವರು ತಮ್ಮ ಅನುಭವವನ್ನೂ ತಿಳಿಸಬೇಕೆಂದು ವಿನಂತಿ.

ಗ್ಯಾರೇಜಿನವ, ಕುಮಟಾ:

ನಮಸ್ಕಾರ. ನಾನು ಜಾವಾ, ಅದೇ ಕಾರ್ಖಾನೆಯಿಂದ ಆಮೇಲೆ ಬಂದ ಯೆಜ್ಡಿ ಬೈಕುಗಳ ಕೆಲಸ ಮಾಡಿಯೇ ಈ ಕಸುಬು ಕಲಿತವನು. ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ಒಂದು ಮಾತು: ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುತ್ತಿದ್ದ ಜಾವಾಗಳನ್ನು ನೋಡಿದರೆ ಸವಾರ ಎಂಥವನೆಂದು ತಿಳಿಯುತ್ತಿತ್ತು. ಜಾವಾದಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನ ಜೊತೆಯಲ್ಲೇ ಹೋಗಬೇಕು. ಲೀಟರಿಗೆ ಸುಮಾರು 40 ಮಿಲಿ ಲೀಟರ್ ಬೆರೆಸುತ್ತಿದ್ದೆವು. ಉದ್ದನೆಯ ಇಳಿಜಾರಿನಲ್ಲಿ ಎಕ್ಸಲೇಟರನ್ನು ಪೂರ್ತಿ ಮುಚ್ಚಿ, ಗೇರಿನಲ್ಲೇ ಬಿಟ್ಟುಕೊಂಡು ಬಂದರೆ, ಎಂಜಿನ್ ಜೋರಾಗಿ ತಿರುಗುತ್ತಿದ್ದರೂ ಅದಕ್ಕೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ಹಾಗೆ ಪಿಸ್ಟನ್ ಸಿಲಿಂಡರಿನೊಳಗೆ ಬಿಗಿದು ನಿಂತು, ಘಟ್ಟದ ಬುಡದಿಂದ ಲಾರಿಯಲ್ಲಿ ಬಂದ ಬೈಕುಗಳನ್ನು ನಾನು ಬಿಚ್ಚಿದ್ದೇನೆ. ತಿಳಿದವರು ಇಳಿಯುವಾಗಲೂ ಆಗಾಗ ಕ್ಲಚ್ ಹಿಡಿದು ಸ್ವಲ್ಪ ಎಕ್ಸಲೇಟರ್ ಕೊಡುತ್ತಿದ್ದರು. ನಿಮ್ಮ ತಂದೆಯವರ ಬೈಕು ಮೂವತ್ತು ವರ್ಷ ಆ ಸೀಮೆಯಲ್ಲಿ ಓಡಿತೆಂದರೆ ಅವರಿಗೆ ಈ ಗುಟ್ಟು ಗೊತ್ತಿದ್ದಿರಲೇಬೇಕು.

ಹುಡುಕುವ ವಿಷಯಕ್ಕೆ ಬರುತ್ತೇನೆ. ಮೊದಲು ಮನೆಯ ಕಾಗದಪತ್ರಗಳಲ್ಲಿ ಆರ್‌ಸಿ ಬುಕ್ಕಿನ ನಕಲೋ, ಹಳೆಯ ವಿಮೆಯ ಕಾಗದವೋ ಇದೆಯೇ ನೋಡಿ. ಬೈಕು ರಾಜ್ಯದೊಳಗೇ ಇದ್ದರೆ ಮಾಲೀಕರು ಬದಲಾದರೂ ನೋಂದಣಿ ಸಂಖ್ಯೆ ಬದಲಾಗುವುದಿಲ್ಲ. ಹಳೆಯ ದಾಖಲೆಗಳು ಗಣಕೀಕೃತವಾಗಿರದಿದ್ದರೆ ಆನ್‌ಲೈನಿನಲ್ಲಿ ಏನೂ ಕಾಣದಿರಬಹುದು. ಅಷ್ಟಕ್ಕೇ ಬೈಕು ಗುಜರಿಗೆ ಹೋಯಿತೆಂದು ತಿಳಿಯಬೇಡಿ. ಹಳಿಯಾಳ, ದಾಂಡೇಲಿಯ ಹಳೆಯ ಮೆಕ್ಯಾನಿಕ್ಕುಗಳನ್ನು ಕೇಳಿ. ಯಾವ ಊರಲ್ಲಿ ಯಾರ ಮನೆಯ ಕೊಟ್ಟಿಗೆಯಲ್ಲಿ ಜಾವಾ ನಿಂತಿದೆ ಎಂಬುದು ಕಚೇರಿಗಿಂತ ನಮ್ಮವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಸಿಕ್ಕಿದರೆ ಬಣ್ಣ ನೋಡಿ ತೀರ್ಮಾನಿಸಬೇಡಿ, ಎಂಜಿನ್ ಕೂಡ ಬದಲಾಗಿರಬಹುದು. ಫ್ರೇಮಿನ ಮೇಲೆ ಕೊರೆದ ಚಾಸಿ ನಂಬರನ್ನು ಚೆನ್ನಾಗಿ ಒರೆಸಿ ಓದಿ, ಕಾಗದದ ಜೊತೆ ತಾಳೆ ನೋಡಿ.

ಕಾಳಿತೀರ, ಕಾರವಾರ:

ನಿಮ್ಮ ಬರಹ ಓದಿ ನನ್ನ ಯೆಜ್ಡಿ ನೆನಪಾಯಿತು. ಕಾಳಿ ನದಿಗೆ ಸೇತುವೆಯಾಗುವ ಮೊದಲು ಕೋಡಿಬಾಗದಿಂದ ಸದಾಶಿವಗಡಕ್ಕೆ ನೀರಿನ ಮೇಲೆಯೇ ದಾಟಬೇಕಾಗಿದ್ದ ಕಾಲದಿಂದ ನಾನು ಅದನ್ನು ಓಡಿಸುತ್ತಿದ್ದೆ. ಆಮೇಲೆ ಬಂದ ಆ ಸೇತುವೆಯೂ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿತ್ತು. ಅದನ್ನು ಕಟ್ಟುತ್ತಿದ್ದುದನ್ನು ನೋಡುತ್ತ ಯೆಜ್ಡಿಯ ಮೇಲೆ ಕುಳಿತಿದ್ದವರಿಗೆ ಆ ಸುದ್ದಿ ಹೇಗೆ ಕೇಳಿಸಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕರಾವಳಿಯಲ್ಲಿ ಇಂಥ ಬೈಕು ಇಟ್ಟುಕೊಳ್ಳುವುದು ಘಟ್ಟದ ಮೇಲೆ ಇಟ್ಟುಕೊಂಡಷ್ಟು ಸುಲಭವಲ್ಲ. ಉಪ್ಪುಗಾಳಿ ಮೊದಲು ಸೈಲೆನ್ಸರಿನ ಕ್ರೋಮಿಗೆ ಬಾಯಿ ಹಾಕುತ್ತದೆ, ಆಮೇಲೆ ಸ್ಪೋಕುಗಳಿಗೆ, ಆಮೇಲೆ ಮಡ್‌ಗಾರ್ಡಿನ ಒಳಮೈಗೆ. ಸಂಜೆ ಮನೆಗೆ ಬಂದು ಸಿಹಿನೀರಿನಲ್ಲಿ ಒರೆಸಿ, ಎಣ್ಣೆಬಟ್ಟೆಯಿಂದ ತಿಕ್ಕದೆ ನಾನು ಊಟಕ್ಕೆ ಕೂರುತ್ತಿರಲಿಲ್ಲ. ವರ್ಗಾವಣೆಯಾಗಿ ದೂರದ ಊರಿಗೆ ಹೋಗಬೇಕಾದಾಗ ಅದನ್ನು ಅಂಕೋಲೆಯವರೊಬ್ಬರಿಗೆ ಮಾರಿದೆ. ಕೆಲವು ವರ್ಷಗಳ ನಂತರ ಅಲ್ಲಿಯ ಪೇಟೆಯಲ್ಲೇ ಅದು ನನ್ನ ಕಣ್ಣಿಗೆ ಬಿತ್ತು. ಹ್ಯಾಂಡಲ್ ಬೇರೆ, ಬಣ್ಣ ಬೇರೆ, ಎರಡು ಸೈಲೆನ್ಸರುಗಳ ಜಾಗದಲ್ಲಿ ಒಂದೇ ಒಂದು. ನಂಬರು ಮಾತ್ರ ನನ್ನದೇ. ಕೊಂಡವರು ತಮಗೆ ಬೇಕಾದಂತೆ ಮಾಡಿಕೊಂಡಿದ್ದಾರೆ, ಅದು ಅವರ ಹಕ್ಕು. ಆದರೆ ನನಗೆ ಆ ದಿನ ಬಹಳ ನೋವಾಯಿತು.

ಆದ್ದರಿಂದ ನನ್ನ ಅಭಿಪ್ರಾಯ ಬೇರೆ. ಅದೇ ಬೈಕೇ ಬೇಕೆಂದು ಹೋಗುವ ಬದಲು, ಅದೇ ಕಾಲದ, ಮೂಲರೂಪದಲ್ಲಿರುವ ಇನ್ನೊಂದು ಜಾವಾವನ್ನು ನೋಡುವುದು ಒಳ್ಳೆಯದು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ಡಿಯವರು ದಿನಾಚರಣೆ ಮಾಡುತ್ತಾರೆ. ಬೆಂಗಳೂರು, ಮೈಸೂರಿನಲ್ಲಿ ಸೇರುವವರ ನಡುವೆ ವಿಚಾರಿಸಿದರೆ ಕೊಡುವವರು ಸಿಗಬಹುದು. 2018ರಲ್ಲಿ ಮತ್ತೆ ಬಂದ ಹೊಸ ಜಾವಾ ಒಳ್ಳೆಯ ಗಾಡಿಯೇ ಇರಬಹುದು, ಆದರೆ ಅದು ಫೋರ್ ಸ್ಟ್ರೋಕ್. ನೀವು ಬರೆದ ಆ ಶಬ್ದ ಅದರಿಂದ ಬಾರದು.

ಬೇಡ್ತಿ ಸೀಮೆಯವಳು, ಯಲ್ಲಾಪುರ:

ಹಿರಿಯರ ಮಾತುಗಳನ್ನು ಓದಿದೆ. ನಾನು ಎದುರು ಪಕ್ಷದಿಂದ ಒಂದು ಮಾತು ಹೇಳಬೇಕು, ಏಕೆಂದರೆ ನಮ್ಮದು ಇಂಥ ಬೈಕನ್ನು ಕೊಂಡವರ ಮನೆ. ನಮ್ಮ ಚಿಕ್ಕಪ್ಪ ಬೇರೆಯವರಿಂದ ಕೊಂಡ ಜಾವಾ ಈಗಲೂ ನಮ್ಮಲ್ಲಿದೆ. ಅದರ ಮೇಲೆ ಹಿಂದೆ ಕೂತು ಅರಬೈಲ್ ಘಟ್ಟ ಇಳಿದು ಸಮುದ್ರ ನೋಡಿದ್ದು ನನ್ನ ಬಾಲ್ಯದ ದೊಡ್ಡ ಸಂಭ್ರಮ. ಕೆಲವು ವರ್ಷಗಳ ಹಿಂದೆ ಅದನ್ನು ಮೊದಲು ಇಟ್ಟುಕೊಂಡಿದ್ದ ಮನೆಯವರು ವಿಳಾಸ ಹುಡುಕಿಕೊಂಡು ಬಂದರು. ಹಿಂದೆ ಕೇಳುತ್ತಾರೇನೋ ಎಂದು ಚಿಕ್ಕಪ್ಪನಿಗೆ ಒಳಗೊಳಗೇ ಆತಂಕ. ಅವರು ಕೇಳಲಿಲ್ಲ. ಸೀಟಿನ ಕೆಳಗಿನ ಬೆಸುಗೆಯೊಂದನ್ನು ತೋರಿಸಿ, ಅದು ಯಾವ ಊರಿನಲ್ಲಿ ಏಕೆ ಹಾಕಿಸಬೇಕಾಯಿತೆಂದು ಹೇಳಿದರು. ನಮಗೆ ಅದುವರೆಗೆ ಅದರ ಕಾರಣವೇ ಗೊತ್ತಿರಲಿಲ್ಲ. ಚಿಕ್ಕಪ್ಪನೂ ತಮ್ಮ ಕಾಲದ ಕತೆಗಳನ್ನು ಹೇಳಿದರು. ಮಧ್ಯಾಹ್ನದ ಊಟ ಮುಗಿಸಿಯೇ ಅವರು ಹೊರಟದ್ದು, ಹೊರಡುವ ಮೊದಲು ಅಂಗಳದಲ್ಲಿ ಒಂದು ಸುತ್ತು ಓಡಿಸಿದರು.

ಆದ್ದರಿಂದ ಅಣ್ಣ, ಹುಡುಕಿಕೊಂಡು ಹೋಗುವುದರಲ್ಲಿ ತಪ್ಪೇನೂ ಇಲ್ಲ. ಕೊಳ್ಳಲು ಬಂದಿದ್ದೇವೆ ಎಂದು ಶುರುಮಾಡಬೇಡಿ, ನೋಡಲು ಬಂದಿದ್ದೇವೆ ಎನ್ನಿ. ಅವರಾಗಿಯೇ ಕೊಡುತ್ತೇವೆ ಎಂದರೆ ಆಗ ಕಾಗದಪತ್ರದ ಯೋಚನೆ. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಖಾಸಗಿ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ನಿಯಮ ಬಂದಿದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ, ನವೀಕರಣಕ್ಕೆ 5,000 ರೂಪಾಯಿ. ಆದರೆ ಹಾಗೆ ಮಾಡಿಸಿದರೆ ಪ್ರದರ್ಶನ, ರ್‍ಯಾಲಿ, ರಿಪೇರಿಯಂಥ ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು, ದಿನನಿತ್ಯದ ಓಡಾಟಕ್ಕೆ ಆಗುವುದಿಲ್ಲ. ತೋಟಕ್ಕೂ ಪೇಟೆಗೂ ಓಡಿಸುವ ಆಸೆಯಿದ್ದರೆ ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗುವುದು ಸೂಕ್ತ. ನಾವು ಹಾಗೆಯೇ ಮಾಡುತ್ತಿದ್ದೇವೆ.

ಗ್ಯಾರೇಜಿನವ, ಕುಮಟಾ:

ತಂಗಿ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ: ಬೈಕು ಸಿಕ್ಕಿ, ಬಹಳ ದಿನ ನಿಂತದ್ದಾಗಿದ್ದರೆ, ಕೂಡಲೇ ಕಿಕ್ ಹೊಡೆಯಬೇಡಿ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಪೂರ್ತಿ ಚೆಲ್ಲಿಸಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಕೆಡಿಸುತ್ತದೆ. ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದು ರಾತ್ರಿ ಬಿಟ್ಟ ಮೇಲೆ ಕೈಯಿಂದ ಮೆಲ್ಲನೆ ತಿರುಗಿಸಿ ನೋಡಿ. ಪ್ಲಗ್ಗಿಗೆ ಕಿಡಿ ಬರಿಸುವ ಪಾಯಿಂಟನ್ನು ತಿಕ್ಕಿ ಗ್ಯಾಪ್ ಸರಿಮಾಡಿದರೆ ಹೆಚ್ಚಿನ ಜಾವಾಗಳು ಮಾತು ಕೇಳುತ್ತವೆ.

ತೋಟದಮನೆ, ಶಿರಸಿ:

ಎಲ್ಲರಿಗೂ ಕೃತಜ್ಞತೆಗಳು. ಕಾರವಾರದವರ ನೋವು ನನಗೆ ಅರ್ಥವಾಗುತ್ತದೆ, ರೂಪ ಬದಲಾಗಿರಬಹುದು ಎಂಬ ಸಿದ್ಧತೆಯಲ್ಲೇ ಹೋಗುತ್ತೇನೆ. ಆದರೂ ಯಲ್ಲಾಪುರದ ತಂಗಿ ಬರೆದದ್ದನ್ನು ಓದಿದ ಮೇಲೆ, ಇಷ್ಟು ವರ್ಷ ಅದನ್ನು ಓಡಿಸಿದವರ ಮಾತು ಕೇಳಬೇಕೆಂಬ ಆಸೆಯೇ ಹೆಚ್ಚಾಗಿದೆ. ಅಪ್ಪಯ್ಯನ ಕಾಗದದ ಪೆಟ್ಟಿಗೆಯಲ್ಲಿ 1994ರ ವಿಮೆಯ ಕಾಗದವೊಂದು ಸಿಕ್ಕಿದೆ, ಅದರಲ್ಲಿ ಚಾಸಿ ನಂಬರು ಸ್ಪಷ್ಟವಾಗಿದೆ. ಕುಮಟಾದವರೇ, ಹಳಿಯಾಳದಲ್ಲಿ ನಿಮಗೆ ಪರಿಚಯದ ಹಳೆಯ ಮೆಕ್ಯಾನಿಕ್ಕುಗಳು ಯಾರಾದರೂ ಇದ್ದರೆ, ನಾವು ಹೋಗುವ ಮೊದಲು ಅವರಿಗೆ ಒಂದು ಮಾತು ತಿಳಿಸುವಿರಾ?