ಮಗಳ ಹೆಸರಿನ ವಿಷಯ, ಸಹಾಯ ಬೇಕು

ಮಗಳಿಗೆ ನಮ್ಮಜ್ಜಿಯ ಹೆಸರು, ಚೆನ್ನಮ್ಮ ಅಂತಲೇ ಇಡಬೇಕು ಅಂತ ನನಗೆ ತುಂಬಾ ಆಸೆ. ಗಂಡನ ಅಕ್ಕ ಕೇಳಿದ ಕೂಡಲೇ ಮುಖ ಸಿಂಡರಿಸಿ, 'ಅಯ್ಯೋ, ಮನೆಗೆಲಸದವರ ಹೆಸರಿದ್ದ ಹಾಗಿದೆ' ಅಂದುಬಿಟ್ಟರು. ಆ ಮಾತು ಚುಚ್ಚಿತು. ಮನೆಗೆಲಸದವರ ಹೆಸರಾದರೆ ತಪ್ಪೇನು?

ಆದರೂ ಭಯ ಸುಮ್ನೆ ಅಲ್ಲ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದೇ ಥರದ ಕೆಲಸದ ಅರ್ಜಿಗಳಿಗೆ ಬೇರೆ ಬೇರೆ ಹೆಸರು ಹಾಕಿ ಕಳಿಸಿದಾಗ, ಬಿಳಿಯರದು ಅನಿಸುವ ಹೆಸರುಗಳಿಗೆ ಕರಿಯರದು ಅನಿಸುವ ಹೆಸರುಗಳಿಗಿಂತ ಸುಮಾರು 50% ಜಾಸ್ತಿ ಕರೆ ಬಂದವು. ಹೆಸರು ನೋಡಿಯೇ ಜನ ಅಳೆಯುತ್ತಾರೆ, ಅಲ್ವಾ?

ಇಂಥ ಹೆಸರಲ್ಲೇ ಬೆಳೆದವರು ಹೇಳಿ, ಶಾಲೆಯಲ್ಲಿ, ಕೆಲಸದಲ್ಲಿ ನಿಜಕ್ಕೂ ಕಷ್ಟ ಆಯ್ತಾ? ಜಗಳ ಆಗದ ಹಾಗೆ ಗಂಡನ ಅಕ್ಕನಿಗೆ ಏನು ಉತ್ತರ ಕೊಡಲಿ? ದಯವಿಟ್ಟು ಬೇರೆ ಹೆಸರು ಸೂಚಿಸಬೇಡಿ.