ಮನೆಯಿಲ್ಲದ ಮಾಜಿ ಸೈನಿಕರ ಟ್ರಸ್ಟ್: 4 ಹಾಸಿಗೆಯಿಂದ 12ಕ್ಕೆ ಹೋಗುವ ಮೊದಲು ಎಂತ ನೋಡ್ಬೇಕು?

ಕೂಳೂರುಸಂಕ:
ಮಂಗಳೂರಿನಲ್ಲಿ ಚಿಕ್ಕದೊಂದು ಟ್ರಸ್ಟ್ ಉಂಟು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್, ಸೆಂಟ್ರಲ್ ಸ್ಟೇಷನ್ ಸುತ್ತ ಮಲಗುವ ಮಾಜಿ ಸೈನಿಕರಿಗೆ ಊಟ, ಬಾಡಿಗೆ ಮನೆಯಲ್ಲಿ 4 ಹಾಸಿಗೆ. ಗಲ್ಫಿನವರು ಹಣ ಕೊಡ್ತೇವೆ, 12 ಮಾಡಿ ಅಂತಾರೆ. ಎಲ್ಲಿ ಎಡವಬಹುದು? ಕೆಲವರ ಹತ್ರ ಸೇನೆಯಿಂದ ಬಿಡುಗಡೆಯಾದ ದಾಖಲೆ, ಡಿಸ್ಚಾರ್ಜ್ ಬುಕ್ಕೇ ಇಲ್ಲ.

ರೆಕಾರ್ಡಾಫೀಸ್:
ಹಾಸಿಗೆ ಆಮೇಲೆ. ಮೊದಲು ಕಾಗದಪತ್ರಕ್ಕೆ ಓಡಾಡುವ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ. ಬುಕ್ ಇಲ್ಲದಿದ್ದರೆ ಸರ್ವಿಸ್ ನಂಬರ್ ಕೇಳಿ. ಮನೆ ದಾರಿ ಮರೆತವರಿಗೂ ಅದು ಬಾಯಿಗೆ ಬರ್ತದೆ. ನಂಬರ್, ರೆಜಿಮೆಂಟ್, ಸೇರಿದ ವರ್ಷ, ಬುಕ್ ಕಳೆದ ಬಗ್ಗೆ ಪೊಲೀಸ್ ದೂರಿನ ಪ್ರತಿ, ಅಫಿಡವಿಟ್ ಸೇರಿಸಿ ಸೈನಿಕ ಕಲ್ಯಾಣ ಕಚೇರಿ ಮೂಲಕ ರೆಕಾರ್ಡ್ ಆಫೀಸಿಗೆ ಬರೆಯಿರಿ. ಮದ್ರಾಸ್ ರೆಜಿಮೆಂಟಿನದ್ದು ವೆಲ್ಲಿಂಗ್ಟನ್, ಸೇನೆಯ ಎಂಜಿನಿಯರ್ ದಳ ಎಂಇಜಿಯದ್ದು ಬೆಂಗಳೂರು. ಕೆಲಸ ಕೆಡುವುದು ಹೆಸರಿನಲ್ಲಿ: ಆಧಾರ್‌ನಲ್ಲಿ ಪೂಜಾರಿ ಇರ್ತದೆ, ಸೇನೆಯ ದಾಖಲೆಯಲ್ಲಿ ಬರೀ ಇನಿಶಿಯಲ್. ಆಧಾರನ್ನೇ ಸೇನೆಯ ದಾಖಲೆಗೆ ಹೊಂದಿಸಿ, ತಿದ್ದುಪಡಿ ಅಲ್ಲೇ ಸುಲಭ.

ಜವಾನರಾಗಿ 15 ವರ್ಷ ಸೇವೆ ಮುಗಿಸಿದವರಿಗೆ ಪಿಂಚಣಿ ಉಂಟು. ಅದು ನಿಂತಿದ್ದರೆ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ನಲ್ಲಿ ಜೀವಿತ ಪ್ರಮಾಣಪತ್ರ ಬಾಕಿಯೇ ಅಂತ ಮೊದಲು ನೋಡಿ. ಬೆರಳಚ್ಚು ಸವೆದು ಯಂತ್ರ ಹಿಡಿಯದಿದ್ದರೆ ಮೊಬೈಲ್ ಆ್ಯಪ್ ಜೀವನ್ ಪ್ರಮಾಣ್‌ನಲ್ಲಿ ಮುಖ ತೋರಿಸಿ ಮಾಡ್ಲಿಕ್ಕೆ ಆಗ್ತದೆ. ಪಿಂಚಣಿ ಇಲ್ಲದ, 65 ದಾಟಿದ, ಹವಾಲ್ದಾರ್‌ವರೆಗಿನವರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಪೆನ್ಯುರಿ ಗ್ರಾಂಟ್ (ಕಡುಬಡತನದ ಸಹಾಯಧನ) ಉಂಟು; ತಿಂಗಳಿಗೆ 4,000 ಇದ್ದದ್ದು 2025 ನವೆಂಬರ್ 1ರಿಂದ 8,000 ಆಯ್ತು. ಬಾಕಿ ಹಣ ಒಟ್ಟಿಗೆ ಬಂದ ದಿನ ಇಲ್ಲದ ನೆಂಟರೂ ಹುಟ್ಟಿಕೊಳ್ತಾರೆ. ಎಟಿಎಂ ಕಾರ್ಡ್ ಅವರಲ್ಲೇ ಇರ್ಲಿ, ಟ್ರಸ್ಟಿನ ಕಪಾಟಿನಲ್ಲಿ ಬೇಡ.

ಲೆಕ್ಕಪುಸ್ತಕ:
ಗಲ್ಫ್ ಹಣಕ್ಕೆ ಬರ್ತೇನೆ. ಭಾರತೀಯ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಒಸಿಐ ಕಾರ್ಡಿನವರದ್ದು (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು), ರೂಪಾಯಿಯಲ್ಲೇ ಕೊಟ್ಟರೂ, ವಿದೇಶಿಯೇ. ಅಲ್ಲಿನ ಸಂಘದ ಖಾತೆಯಿಂದ ಒಟ್ಟು ಮಾಡಿ ಕಳಿಸಿದರೂ ಹಾಗೆಯೇ. ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಬೇಕು; ನೋಂದಣಿಗೆ 3 ವರ್ಷದ ಕೆಲಸ, 15 ಲಕ್ಷ ಖರ್ಚು ತೋರಿಸಬೇಕು. ಪ್ರತಿ ದಾನಿಯ ಪಾಸ್‌ಪೋರ್ಟ್ ಪ್ರತಿ ಫೈಲಿಗೆ ಹಾಕಿ. ಊರಿನವರಿಗೆ: 2,000 ಮೀರಿ ನಗದು ಕೊಟ್ಟರೆ ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ (80ಜಿ) ಇಲ್ಲ.

ವಾರ್ಡ್‌ನಂ3:
ಮನೆ ಹುಡುಕುವಾಗ ನಗರ ವಸತಿರಹಿತರ ಆಶ್ರಯಕ್ಕೆ ಇರುವ ಅಳತೆ ಹಿಡಿಯಿರಿ, ತಲೆಗೆ 50 ಚದರ ಅಡಿ. ಅಂದರೆ ಮಲಗಲಿಕ್ಕೇ 600. ಹಾಸಿಗೆಗೆ ರೆಕ್ಸಿನ್ ಕವರ್ ಹಾಕಿ, ಗೋಡೆಗೆ ತಾಗಿಸಬೇಡಿ; ಆಷಾಢದಲ್ಲಿ ಬೂಸ್ಟು ಹಿಡಿದರೆ ಹತ್ತಿ ಹಾಸಿಗೆ ಎಸೆಯುವುದೇ. ಕಜ್ಜಿ ಬಂದರೆ ಡಾಕ್ಟರು ಬರೆದುಕೊಡುವ ಪರ್ಮೆಥ್ರಿನ್ 5% ಮುಲಾಮನ್ನು ಎಲ್ಲರೂ ಒಂದೇ ರಾತ್ರಿ ಕುತ್ತಿಗೆಯಿಂದ ಕೆಳಗೆ ಹಚ್ಚಬೇಕು, ವಾರ ಬಿಟ್ಟು ಇನ್ನೊಮ್ಮೆ. ತುರಿಕೆ ಇದ್ದವರಿಗೆ ಮಾತ್ರ ಹಚ್ಚಿದರೆ ಹದಿನೈದು ದಿನದಲ್ಲಿ ಪುನಃ ಅದೇ ಕಥೆ. ಬಿಸಿಲಿಲ್ಲದಾಗ ಹೊದಿಕೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ.

ಮತ್ತೊಂದು, "ಕುಡಿದವರಿಗೆ ಪ್ರವೇಶವಿಲ್ಲ" ಬೋರ್ಡ್ ಹಾಕಬೇಡಿ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಮೊದಲ ಎರಡು-ಮೂರು ದಿನದಲ್ಲೇ ಕೈ ನಡುಗಿ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮೊದಲು ವೆನ್ಲಾಕ್ ಸರ್ಕಾರಿ ಆಸ್ಪತ್ರೆ, ಆಮೇಲೆ ನಿಮ್ಮ ಹಾಸಿಗೆ.

ಕೂಳೂರುಸಂಕ:
ಒಸಿಐನವರೊಬ್ಬರು ತಮ್ಮನ ಖಾತೆಯಿಂದ ಕಳಿಸ್ತೇನೆ ಅಂತಾರಲ್ಲ?

ಲೆಕ್ಕಪುಸ್ತಕ:
ಬೇಡ ಮಾರಾಯ್ರೆ. ಕೈ ಬದಲಾದರೂ ಹಣದ ಮೂಲ ಬದಲಾಗುವುದಿಲ್ಲ. ರಜೆಯಲ್ಲಿ ಬಂದಾಗ ಅಫಿಡವಿಟ್ ಬರೆಯಲಿಕ್ಕೆ ಕೂತ್ಕೊಳ್ಳಲಿ, ಜನ ಬೇಕಾಗಿರುವುದು ಅಲ್ಲಿಗೇ.