ದಿನಾ ಮೊಟ್ಟೆ, ಕೊಲೆಸ್ಟ್ರಾಲ್ ಭಯ: ಡಾಕ್ಟರ್ ಹತ್ತಿರ ಕೇಳಿ

ಅಡ್ಮಿನ್: ಈ ವಾರದ ವಿಷಯ ಮೊಟ್ಟೆ ಮತ್ತು ಕೊಲೆಸ್ಟ್ರಾಲ್. ಗುಂಪಿನ ಫಿಸಿಷಿಯನ್ ಮೇಡಂ ರಾತ್ರಿ ಎಂಟರಿಂದ ಉತ್ತರಿಸುತ್ತಾರೆ. ವಯಸ್ಸು, ರಿಪೋರ್ಟಿನ ಸಂಖ್ಯೆ ಬರೆಯಿರಿ. ಹೆಸರು, ಫೋನ್ ನಂಬರ್ ಬೇಡ. ಫಾರ್ವರ್ಡ್ ಬೇಡ.

ತುಮಕೂರಿನ ಸದಸ್ಯೆ: ನಮಸ್ತೆ ಮೇಡಂ. ನಮ್ಮನೆಯವರಿಗೆ 45. ಬಿಪಿ, ಶುಗರ್ ಇಲ್ಲ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 104. ಬೆಳಗ್ಗೆ ದಿನಾ ಒಂದು ಬೇಯಿಸಿದ ಮೊಟ್ಟೆ ತಿಂತಾರೆ. ಅತ್ತೆ ಹಳದಿ ತೆಗೆದು ಬಿಸಾಕು ಅಂತಾರೆ. ಬಿಸಾಕಬೇಕಾ?

ಡಾಕ್ಟರ್: ಬೇಡಮ್ಮ. 50 ಗ್ರಾಂ ಮೊಟ್ಟೆಯಲ್ಲಿ ಸುಮಾರು 185 ಮಿ.ಗ್ರಾಂ ಕೊಲೆಸ್ಟ್ರಾಲ್ ಇದೆ, ಅಷ್ಟೂ ಹಳದಿಯಲ್ಲೇ, ಅದು ನಿಜ. ಆದರೆ ರಕ್ತದಲ್ಲಿ ಓಡಾಡುವ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲು ದೇಹವೇ ತಯಾರಿಸಿಕೊಂಡದ್ದು. ಹೊರಗಿನಿಂದ ಸ್ವಲ್ಪ ಹೆಚ್ಚು ಬಂದರೆ ಬಹಳಷ್ಟು ಜನರಲ್ಲಿ ಲಿವರ್ ತನ್ನ ಉತ್ಪಾದನೆಯನ್ನು ತಗ್ಗಿಸಿಕೊಳ್ಳುತ್ತದೆ. ಎಲ್‌ಡಿಎಲ್ ಅನ್ನು ಇದಕ್ಕಿಂತ ಜೋರಾಗಿ ಏರಿಸುವುದು ಸ್ಯಾಚುರೇಟೆಡ್ ಕೊಬ್ಬು, ಅಂದರೆ ತುಪ್ಪ, ಬೆಣ್ಣೆಯಲ್ಲಿ ಹೆಚ್ಚಿರುವಂಥದ್ದು. ಅದು ಒಂದು ಮೊಟ್ಟೆಯಲ್ಲಿ ಒಂದೂವರೆ ಗ್ರಾಂ ಮಾತ್ರ. ಅದೇ ಮೊಟ್ಟೆಯನ್ನು ಒಂದು ದೊಡ್ಡ ಚಮಚ ತುಪ್ಪದಲ್ಲಿ ಹುರಿದರೆ ಎಂಟು ಗ್ರಾಂ ಮೇಲೆ ಸೇರಿತು. ಹಾಗಾಗಿ ಹಳದಿ ಇರಲಿ, ಬಾಣಲೆ ಕಡೆ ಗಮನ ಕೊಡಿ.

ಹುಬ್ಬಳ್ಳಿಯ ಸದಸ್ಯ: ನಮಸ್ಕಾರ್ರೀ ಡಾಕ್ಟ್ರ. ವಯಸ್ಸು 26, ಜಿಮ್ಮಿಗೆ ಹೊಕ್ಕೇನಿ. ದಿನಾ ನಾಕ ತತ್ತಿ, ಅದರಾಗ ಎರಡ ಹಸೀವು ಹಾಲಿನಾಗ ಕಲಿಸಿ ಕುಡಿತೇನ್ರಿ. ಹಳದಿ ಸೈತ ನಡೀತದೇನ್ರಿ?

ಡಾಕ್ಟರ್: ಹಸಿ ಮೊಟ್ಟೆ ಇವತ್ತಿಗೇ ನಿಲ್ಲಿಸಿ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಬಂದರೆ ಒಂದು ವಾರ ವಾಂತಿ, ಭೇದಿ, ಜ್ವರ. ಜೊತೆಗೆ ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ವಿಟಮಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಯಿಸಿದರೆ ಎರಡೂ ತೊಂದರೆ ಇಲ್ಲ, ಪ್ರೋಟೀನು ಜೀರ್ಣವಾಗುವುದೂ ಬೇಯಿಸಿದಾಗಲೇ ಹೆಚ್ಚು. ನೀರು ಕುದಿ ಬಂದ ಮೇಲೆ ಹತ್ತು ನಿಮಿಷ ಸಾಕು. ಜಾಸ್ತಿ ಬೆಂದು ಹಳದಿಯ ಸುತ್ತ ಹಸಿರು ಉಂಗುರ ಬಂದರೆ ಗಾಬರಿ ಬೇಡ, ಅದು ಗಂಧಕ ಮತ್ತು ಕಬ್ಬಿಣ ಸೇರಿ ಆಗುವ ಬಣ್ಣ. ನಾಲ್ಕು ಹಳದಿ ವಿಚಾರ: ಈಗೊಂದು ಲಿಪಿಡ್ ಪ್ರೊಫೈಲ್ (ರಕ್ತದ ಕೊಲೆಸ್ಟ್ರಾಲ್ ಪರೀಕ್ಷೆ) ಮಾಡಿಸಿ, ಹೀಗೇ ತಿಂದು ಎರಡು ತಿಂಗಳ ಮೇಲೆ ಮತ್ತೊಂದು. ಕೆಲವರ ಎಲ್‌ಡಿಎಲ್ ಮೊಟ್ಟೆಗೆ ಚೆನ್ನಾಗಿಯೇ ಏರುತ್ತದೆ. ಏರಿದರೆ ಒಂದೇ ಹಳದಿ, ಉಳಿದದ್ದು ಬಿಳಿ.

ಮಂಗಳೂರಿನ ಸದಸ್ಯ: ನಮ್ಮಲ್ಲಿ ಆಮ್ಲೆಟ್ ತೆಂಗಿನೆಣ್ಣೆಯಲ್ಲೇ ಮಾಡುವುದು ಮೇಡಂ. ಬಾಟ್ಲಿ ಮೇಲೆ ಕೊಲೆಸ್ಟ್ರಾಲ್ ಇಲ್ಲ ಅಂತ ಬರೆದಿರ್ತದೆ.

ಡಾಕ್ಟರ್: ಗಿಡದಿಂದ ಬರುವ ಯಾವ ಅಡುಗೆ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಆ ಬರಹ ನೋಡಿ ಏನೂ ತೀರ್ಮಾನಿಸಬೇಡಿ. ತೆಂಗಿನೆಣ್ಣೆ ಒಂದು ದೊಡ್ಡ ಚಮಚಕ್ಕೆ ಸುಮಾರು 12 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ತುಪ್ಪಕ್ಕಿಂತ ಜಾಸ್ತಿ. ಎಲ್‌ಡಿಎಲ್ ಹೆಚ್ಚಿರುವವರು ಇಡೀ ದಿನದಲ್ಲಿ ಈ ಕೊಬ್ಬು 15 ಗ್ರಾಂ ದಾಟಬಾರದು. ಒಗ್ಗರಣೆಗೆ ಒಂದು ಸಣ್ಣ ಚಮಚ ಸರಿ, ಕರಿಯುವುದಕ್ಕೆ ಬೇಡ.

ಮಂಗಳೂರಿನ ಸದಸ್ಯ: ನಮ್ಮ ಅಜ್ಜಂದಿರು ಅದನ್ನೇ ತಿಂದು 90 ದಾಟಿದ್ದಲ್ಲವಾ ಮಾರಾಯ್ರೆ?

ದಾವಣಗೆರೆಯ ಸದಸ್ಯ: ನಮ್ಮ ಬೆಣ್ಣೆ ದೋಸೆಗೂ ಕಲ್ಲು ಹಾಕ್ತಾರೆ ಈಗ ನೋಡಿ.

ಡಾಕ್ಟರ್: 50ಕ್ಕೇ ಹೋದ ಅಜ್ಜಂದಿರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಣ್ಣೆ ಒಂದು ದೊಡ್ಡ ಚಮಚಕ್ಕೆ ಏಳು ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ದೋಸೆಗೆ ಎಷ್ಟು ಚಮಚ ಬೀಳುತ್ತದೆ ಎಂದು ನೀವೇ ಎಣಿಸಿ.

ಮೈಸೂರಿನ ಸದಸ್ಯೆ: ದಿನಾ ಒಂದು ಮೊಟ್ಟೆ ತಿನ್ನಬಹುದಾ ಮೇಡಂ? ಹಳದಿ ತೆಗೀಬೇಕಾ?

ಡಾಕ್ಟರ್: ಮೇಲೆ ತುಮಕೂರಿನವರಿಗೆ ಬರೆದಿದ್ದೇನೆ.

ಶಿವಮೊಗ್ಗದ ಸದಸ್ಯ: ಗೌಜಲ ಹಕ್ಕಿ ಮೊಟ್ಟೆ ತಿಂದರೆ ಹೇಗೆ ಮೇಡಂ? ದಿನಕ್ಕೆ ಎಷ್ಟು?

ಹಾಸನದ ಸದಸ್ಯ: ವಯಸ್ಸು 34, ತೂಕ 66 ಕೆಜಿ, ಸಿಗರೇಟ್ ಇಲ್ಲ. ಕಂಪನಿ ಚೆಕಪ್‌ನಲ್ಲಿ ಒಟ್ಟು ಕೊಲೆಸ್ಟ್ರಾಲ್ 300, ಎಚ್‌ಡಿಎಲ್ 46, ಟ್ರೈಗ್ಲಿಸರೈಡ್ 110, ಎಲ್‌ಡಿಎಲ್ 232 ಬಂದಿದೆ. ದಿನಾ ಒಂದು ಮೊಟ್ಟೆ ತಿಂತಿದ್ದೆ, ಬಿಟ್ಟಿದೀನಿ. ಅಷ್ಟು ಸಾಕಾ? ಮಾತ್ರೆ ಶುರು ಮಾಡಿದ್ರೆ ಜೀವನಪೂರ್ತಿ ಅಂತಾರೆ, ಅದಕ್ಕೆ ಬೇಡ ಅಂದ್ಕೊಂಡಿದೀನಿ.

ಡಾಕ್ಟರ್: ಮೊದಲು ಮೂರು ಉತ್ತರ ಬೇಕು. ಒಂದು, ಮನೆಯಲ್ಲಿ 55ರ ಒಳಗಿನ ಗಂಡಸರಿಗೆ, 65ರ ಒಳಗಿನ ಹೆಂಗಸರಿಗೆ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿದೆಯೇ? ಎರಡು, ಹಿಮ್ಮಡಿಯ ಮೇಲೆ ಹಗ್ಗದ ಹಾಗಿರುವ ಸ್ನಾಯುರಜ್ಜನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೇಲಿಂದ ಕೆಳಗೆ ಸವರಿ. ನುಣುಪಾಗಿದೆಯೇ, ದಪ್ಪಗೆ ಗಂಟುಗಂಟಾಗಿದೆಯೇ? ಮೂರು, ಥೈರಾಯ್ಡ್ ಪರೀಕ್ಷೆ ಆಗಿದೆಯೇ?

ಬೆಂಗಳೂರಿನ ಸದಸ್ಯ: ಬೆಳ್ಳುಳ್ಳಿ ರಸ, ಶುಂಠಿ ರಸ, ನಿಂಬೆ ರಸ, ಆಪಲ್ ಸೈಡರ್ ವಿನೆಗರ್ ಒಂದೊಂದು ಲೋಟ. ಅರ್ಧಕ್ಕೆ ಇಳಿಸಿ ಜೇನು ಸೇರಿಸಿ. ಖಾಲಿ ಹೊಟ್ಟೆಗೆ ಮೂರು ಚಮಚ. ಎಲ್ಲಾ ಬ್ಲಾಕ್ ಕರಗುತ್ತೆ, ಸ್ಟೆಂಟ್ ಬೇಡ. ಮೊಟ್ಟೆ ತಿನ್ನೋರು ಬೆಳಗ್ಗೆ ಒಂದು ಲೋಟ ಸೋರೆಕಾಯಿ ರಸ ಕುಡಿದರೆ ಕೊಲೆಸ್ಟ್ರಾಲ್ ತೊಳೆದು ಹೋಗುತ್ತೆ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಫಾರ್ವರ್ಡ್ ಬೇಡ ಎಂದು ಮೊದಲ ಸಾಲಿನಲ್ಲೇ ಇತ್ತು. ರಕ್ತನಾಳದ ಗೋಡೆಯೊಳಗೆ ಕೂತ ಬ್ಲಾಕ್ ಯಾವ ರಸಕ್ಕೂ ಕರಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೊಗ್ರೆಲ್, ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ದಿನಾ ಇಷ್ಟು ಬೆಳ್ಳುಳ್ಳಿ ಕುಡಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಸಾರಿಗೆ ನಾಲ್ಕು ಎಸಳು ಹಾಕಿಕೊಳ್ಳಲು ಯಾರೂ ಅಡ್ಡಿ ಮಾಡಿಲ್ಲ.

ಸೋರೆಕಾಯಿ ವಿಷಯ ಎಲ್ಲರೂ ಓದಿ. ಸೋರೆ ಕಹಿಯಾಗಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಇರುತ್ತದೆ. ಒಂದು ಲೋಟ ಕಹಿ ರಸಕ್ಕೆ ರಕ್ತವಾಂತಿ, ಭೇದಿ, ಬಿಪಿ ಕುಸಿತ ಆಗಿ ಸತ್ತವರಿದ್ದಾರೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಇದಕ್ಕಾಗಿಯೇ ತಜ್ಞರ ಸಮಿತಿ ಮಾಡಿ ಎಚ್ಚರಿಕೆ ಕೊಟ್ಟಿದೆ. ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಾದರೆ ಇಡೀ ಕಾಯಿ ಎಸೆಯಿರಿ. ಹಾಗಲಕಾಯಿ ಜೊತೆ ರುಬ್ಬಬೇಡಿ, ಒಂದರ ಕಹಿಯಲ್ಲಿ ಇನ್ನೊಂದರ ಕಹಿ ತಿಳಿಯುವುದಿಲ್ಲ. ಕುಡಿದ ಮೇಲೆ ಹೊಟ್ಟೆ ತೊಳೆಸಿದರೆ ತಕ್ಷಣ ಆಸ್ಪತ್ರೆಗೆ. ಇದಕ್ಕೆ ಪ್ರತಿವಿಷ ಇಲ್ಲ.

ಬೆಂಗಳೂರಿನ ಸದಸ್ಯ: ನ್ಯಾಚುರಲ್ ಅಂದ್ರೆ ಡಾಕ್ಟರ್‌ಗಳಿಗೆ ಆಗಲ್ಲ. ಮಾತ್ರೆ ಮಾರಾಟ ಆಗಬೇಕಲ್ಲ.

ಬೆಳಗಾವಿಯ ಸದಸ್ಯೆ: ಅಣ್ಣಾ, ಪುಕ್ಕಟೆ ಕುಂತು ಉತ್ತರ ಬರ್ಯಾಕತ್ತಾರ. ಹಿಂಗ ಮಾತಾಡಬ್ಯಾಡ್ರಿ.

ರಾಯಚೂರಿನ ಸದಸ್ಯ: ಮೇಡಂ, ಮಗಳು ನಾಕನೇ ತರಗತಿ, ಸರ್ಕಾರಿ ಸಾಲಿ. 2024ರಿಂದ ವಾರಕ್ಕ ಆರು ದಿನ ತತ್ತಿ ಕೊಡ್ತಾರ್ರಿ. ಸಣ್ಣ ಮಕ್ಕಳಿಗೆ ಕೊಲೆಸ್ಟ್ರಾಲ್ ಆಗಲ್ಲೇನ್ರಿ?

ಡಾಕ್ಟರ್: ಆಗುವುದಿಲ್ಲ, ತಿನ್ನಲಿ. ಒಂದು ಮೊಟ್ಟೆಗೆ ಆರು ಗ್ರಾಂ ಒಳ್ಳೆಯ ಪ್ರೋಟೀನು, ಜೊತೆಗೆ ಬಿ12. ತಿಂದ ಒಂದೆರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಬಂದರೆ ಮಾತ್ರ ಅಲರ್ಜಿ ಎಂದು ಶಾಲೆಗೆ ತಿಳಿಸಿ, ವೈದ್ಯರಿಗೆ ತೋರಿಸಿ.

ಮೈಸೂರಿನ ಸದಸ್ಯೆ: ಶಾಲೆಯಲ್ಲಿ ಮೊಟ್ಟೆ ಯಾಕೆ ಬೇಕು? ಬಾಳೆಹಣ್ಣು ಸಾಲದಾ?

ರಾಯಚೂರಿನ ಸದಸ್ಯ: ಬ್ಯಾಡಾದವರಿಗೆ ಬಾಳಿಹಣ್ಣು ಅದಾವ್ರೀ. ಬಾಳಿಹಣ್ಣಿನಾಗ ಪ್ರೋಟೀನು ಒಂದು ಗ್ರಾಂ. ನಮ್ಮ ಮಕ್ಕಳ ತತ್ತಿ ಮ್ಯಾಲೆ ನಿಮಗ್ಯಾಕ ಕಣ್ಣು?

ಮೈಸೂರಿನ ಸದಸ್ಯೆ: ಕಣ್ಣು ಅಂದ್ರೆ ಏನ್ರೀ ಅರ್ಥ? ಮರ್ಯಾದೆಯಿಂದ ಮಾತಾಡಿ. ಫಾರ್ಮ್ ಕೋಳಿಗೆ ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸ್ತಾರೆ, ಅದನ್ನ ಮಕ್ಕಳಿಗೆ ಕೊಡಬೇಕಾ?

ಹೊಸಪೇಟೆಯ ಕೋಳಿ ಸಾಕಣೆದಾರ: ಹಾರ್ಮೋನ್ ಯಾವ ಫಾರ್ಮಿನಲ್ಲಿ ನೋಡಿದ್ದೀರಿ ಹೇಳಿ. ಲೇಯರ್ ತಳಿ 18-20 ವಾರಕ್ಕೆ ಮೊಟ್ಟೆ ಶುರು ಮಾಡಿ ವರ್ಷಕ್ಕೆ 300ರ ಮೇಲೆ ಇಡುವುದು ತಳಿಯ ಗುಣ. ದಿನಕ್ಕೆ 16 ಗಂಟೆ ಬೆಳಕು, ಮೆಕ್ಕೆಜೋಳ, ಸೋಯಾ ಹಿಂಡಿ, ಸಿಪ್ಪೆಗೆ ಸುಣ್ಣದಕಲ್ಲಿನ ಪುಡಿ, ಇಷ್ಟೇ. ಸಾವಿರಾರು ಕೋಳಿಗೆ ದಿನಾ ಸೂಜಿ ಚುಚ್ಚುತ್ತಾ ಕೂತರೆ ಕೂಲಿಗೇ ಫಾರ್ಮ್ ಮುಳುಗುತ್ತೆ. ಕೇಳಬೇಕಾದ್ದು ಆ್ಯಂಟಿಬಯಾಟಿಕ್ ಬಗ್ಗೆ. ಕೊಲಿಸ್ಟಿನ್ ಅನ್ನು 2019ರಲ್ಲೇ ಕೇಂದ್ರ ನಿಷೇಧಿಸಿದೆ. ಔಷಧಿ ಕೊಟ್ಟರೆ ಅಷ್ಟು ದಿನ ಮೊಟ್ಟೆ ಮಾರದೆ ತಡೆಯಬೇಕು, ಅದನ್ನು ಪಾಲಿಸದವರ ಮೇಲೆ ಗಲಾಟೆ ಮಾಡಿ, ನಾನೂ ಬರ್ತೀನಿ.

ತುಮಕೂರಿನ ಸದಸ್ಯೆ: ಹಾಗಾದ್ರೆ ನಾಟಿ ಮೊಟ್ಟೇಲಿ ಕೊಲೆಸ್ಟ್ರಾಲ್ ಕಮ್ಮಿನಾ?

ಡಾಕ್ಟರ್: ತೂಕಕ್ಕೆ ತೂಕ ಹೆಚ್ಚುಕಮ್ಮಿ ಅಷ್ಟೇ. ಗಾತ್ರ ಚಿಕ್ಕದು, ಬೆಲೆ ದೊಡ್ಡದು. ಹಳದಿಯ ಗಾಢ ಬಣ್ಣ ಮೇವಿನಿಂದ ಬರುತ್ತದೆ.

ನ್ಯೂಜೆರ್ಸಿಯ ಸದಸ್ಯ: ಇಲ್ಲಿ 1968ರಲ್ಲಿ ಹಾರ್ಟ್ ಅಸೋಸಿಯೇಷನ್ ವಾರಕ್ಕೆ ಮೂರೇ ಹಳದಿ ಅಂದಿತ್ತು. 2015ರ ಸರ್ಕಾರಿ ಮಾರ್ಗಸೂಚಿ ಆಹಾರದ ಕೊಲೆಸ್ಟ್ರಾಲಿಗೆ ಇದ್ದ ದಿನಕ್ಕೆ 300 ಮಿ.ಗ್ರಾಂ ಮಿತಿಯನ್ನೇ ತೆಗೆದುಹಾಕಿತು. ಅಂದರೆ ಕೊಲೆಸ್ಟ್ರಾಲ್ ಅನ್ನೋದೇ ಸುಳ್ಳು ಭಯ. ಎಷ್ಟಾದರೂ ತಿನ್ನಿ.

ಡಾಕ್ಟರ್: ಅರ್ಧ ಓದಿ ಬರೆಯಬೇಡಿ. ಸಂಖ್ಯೆ ತೆಗೆದರು ನಿಜ. ಅದೇ ಮಾರ್ಗಸೂಚಿ ಆಹಾರದ ಕೊಲೆಸ್ಟ್ರಾಲ್ ಆದಷ್ಟು ಕಡಿಮೆ ಇರಲಿ ಎಂದೂ ಹೇಳಿತ್ತು. 2019ರಲ್ಲಿ ನೀವು ಹೇಳಿದ ಸಂಸ್ಥೆಯೇ ಆರೋಗ್ಯವಂತರಿಗೆ ದಿನಕ್ಕೊಂದು ಮೊಟ್ಟೆ ಎಂದಿತು. ಆಹಾರದ ಕೊಲೆಸ್ಟ್ರಾಲ್ ಬೇರೆ, ರಕ್ತದ ಎಲ್‌ಡಿಎಲ್ ಬೇರೆ. ಎಲ್‌ಡಿಎಲ್ ಸುಳ್ಳು ಎಂದು ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿದರೆ ಅನುಭವಿಸುವವರು ಅವರ ಮನೆಯವರು.

ಕೋಲಾರದ ಸದಸ್ಯೆ: ತಂದೆಗೆ 61, ಶುಗರ್ ಇದೆ, ಸ್ಟೆಂಟ್ ಹಾಕಿದೆ, ಮಾತ್ರೆ ತಗೋತಿದ್ದಾರೆ. ಎಲ್‌ಡಿಎಲ್ 82. ಮೊಟ್ಟೆ?

ಡಾಕ್ಟರ್: ಸ್ಟೆಂಟ್ ಆದವರ ಎಲ್‌ಡಿಎಲ್ 55ರ ಕೆಳಗಿರಬೇಕು ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೇಳಿದೆ. 82 ಜಾಸ್ತಿ. ಮಾತ್ರೆ ಹೊಂದಿಸಲು ಅವರ ಡಾಕ್ಟರ್ ಬಳಿ ಹೋಗಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ, ಹಾಗಾಗಿ ಅವರಿಗೆ ವಾರಕ್ಕೆ ಮೂರು ಹಳದಿ ಸಾಕು, ಬಿಳಿ ದಿನಾ ಕೊಡಿ. ಬೇಕರಿಯ ಎಗ್ ಪಫ್ ಬೇಡ, ಅಲ್ಲಿ ಮೊಟ್ಟೆಗಿಂತ ಪದರದೊಳಗಿನ ಕೊಬ್ಬು ಕೆಟ್ಟದ್ದು.

ಶಿವಮೊಗ್ಗದ ಸದಸ್ಯ: ಮೇಡಂ, ಗೌಜಲ ಹಕ್ಕಿ ಮೊಟ್ಟೆ?

ಹಾಸನದ ಸದಸ್ಯ: ತಂದೆ 44ಕ್ಕೆ ಹಾರ್ಟ್ ಅಟ್ಯಾಕ್‌ನಲ್ಲಿ ಹೋದ್ರು. ಹಿಮ್ಮಡಿ ಎರಡೂ ಕಡೆ ದಪ್ಪ ಇದೆ, ಗಂಟಿನ ತರ ಸಿಗುತ್ತೆ. ಶೂ ಉಜ್ಜಿ ಆಗಿದ್ದು ಅಂದ್ಕೊಂಡಿದ್ದೆ. ಥೈರಾಯ್ಡ್ ನಾರ್ಮಲ್.

ಡಾಕ್ಟರ್: ಹಾಗಿದ್ದರೆ ನಿಮ್ಮ ವಿಷಯ ಮೊಟ್ಟೆಯದ್ದಲ್ಲ. ಎಲ್‌ಡಿಎಲ್ 190 ದಾಟಿ, ಮನೆಯಲ್ಲಿ ಚಿಕ್ಕ ವಯಸ್ಸಿನ ಹಾರ್ಟ್ ಅಟ್ಯಾಕ್ ಇದ್ದು, ಹಿಮ್ಮಡಿಯ ರಜ್ಜಿನಲ್ಲಿ ಗಂಟು ಸಿಕ್ಕರೆ ಅದು ಬಹುಪಾಲು ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟ್ರಾಲೀಮಿಯಾ, ಹುಟ್ಟಿನಿಂದ ಬರುವ ಕಾಯಿಲೆ. ಆ ಗಂಟು ಅಲ್ಲಿ ಕೂತ ಕೊಲೆಸ್ಟ್ರಾಲ್. ಲಿವರ್ ಜೀವಕೋಶಗಳ ಮೇಲೆ ಎಲ್‌ಡಿಎಲ್ ಅನ್ನು ರಕ್ತದಿಂದ ಎಳೆದುಕೊಳ್ಳುವ ಗ್ರಾಹಕಗಳು ಇರುತ್ತವೆ (ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ಬಂದದ್ದು ಈ ಕೆಲಸಕ್ಕೇ). ಈ ಕಾಯಿಲೆಯಲ್ಲಿ ಅಪ್ಪ ಅಥವಾ ಅಮ್ಮನಿಂದ ಕೆಟ್ಟ ಜೀನ್ ಬಂದು ಗ್ರಾಹಕಗಳು ಅರ್ಧದಷ್ಟೇ ಕೆಲಸ ಮಾಡುತ್ತವೆ. ಸುಮಾರು 250-300 ಜನರಲ್ಲಿ ಒಬ್ಬರಿಗೆ ಇದೆ, ಬಹಳ ಜನಕ್ಕೆ ಗೊತ್ತೇ ಇಲ್ಲ.

ನಿಮ್ಮ ರಕ್ತನಾಳಗಳು 34 ವರ್ಷದಿಂದ ಈ ಎಲ್‌ಡಿಎಲ್‌ನಲ್ಲಿ ನೆನೆಯುತ್ತಿವೆ. ಮೊಟ್ಟೆ, ತುಪ್ಪ ಎಲ್ಲ ಬಿಟ್ಟು ಕಟ್ಟುನಿಟ್ಟಾಗಿ ಪಥ್ಯ ಮಾಡಿದರೂ ಇಳಿಯುವುದು ಶೇ. 10-15. ಅಂದರೆ 232 ಹೋಗಿ 200 ಆಗಬಹುದು, ಅದು ಸಾಲದು. ಸ್ಟ್ಯಾಟಿನ್ ಮಾತ್ರೆ ಸರಿಯಾದ ಡೋಸಿನಲ್ಲಿ ಸುಮಾರು ಅರ್ಧಕ್ಕೆ ಇಳಿಸುತ್ತದೆ, ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸಿದರೆ ಇನ್ನೂ ಕೆಳಗೆ ಬರುತ್ತದೆ. ಡೋಸ್ ಇಲ್ಲಿ ಬರೆಯುವುದಿಲ್ಲ. ಶುರು ಮಾಡುವ ಮೊದಲು ಎಸ್‌ಜಿಪಿಟಿ (ಲಿವರ್ ಪರೀಕ್ಷೆ), ಶುಗರ್, ಮೂತ್ರದಲ್ಲಿ ಪ್ರೋಟೀನು ನೋಡಿಸಿ. ಜೊತೆಗೆ ಲೈಪೊಪ್ರೋಟೀನ್-ಎ ಎಂಬ ರಕ್ತಪರೀಕ್ಷೆ, ಅದನ್ನು ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಆರು ವಾರಕ್ಕೆ ಲಿಪಿಡ್ ಮತ್ತೆ. ಮೈಕೈ ನೋವು ಜೋರಾಗಿ ಬಂದರೆ ಅಥವಾ ಮೂತ್ರ ಕಪ್ಪು ಚಹಾ ಬಣ್ಣಕ್ಕೆ ತಿರುಗಿದರೆ ಅವತ್ತೇ ತೋರಿಸಬೇಕು. ಜೀವನಪೂರ್ತಿ ಮಾತ್ರೆಯೇ ಎಂದು ಕೇಳಿದಿರಿ. ಹೌದು, ಕಾಯಿಲೆ ಜೀವನಪೂರ್ತಿ ಇದೆ.

ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಎಲ್ಲರದೂ ಲಿಪಿಡ್ ಪ್ರೊಫೈಲ್ ಆಗಬೇಕು. ಒಬ್ಬೊಬ್ಬರಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ಬೆಂಗಳೂರಿನ ಸದಸ್ಯ: ಹೆದರಿಸಿ ಮಾತ್ರೆ ನುಂಗಿಸೋದು ಅಂದ್ರೆ ಇದೇ. ನಾಲ್ಕು ತಿಂಗಳು ಮೆಂತ್ಯ ನೆನೆಸಿ ತಿನ್ನಿ ಬ್ರದರ್, ಎಲ್ಲಾ ಸರಿಹೋಗುತ್ತೆ.

ಡಾಕ್ಟರ್: ಅಡ್ಮಿನ್, ಇವರನ್ನು ತೆಗೆಯಿರಿ ಅಥವಾ ನಾನು ಹೋಗುತ್ತೇನೆ. 44ಕ್ಕೆ ಅಪ್ಪನನ್ನು ಕಳೆದುಕೊಂಡವರಿಗೆ ಮೆಂತ್ಯ ಹೇಳುತ್ತಿದ್ದಾರೆ.

ಅಡ್ಮಿನ್: ತೆಗೆದಿದ್ದೇನೆ ಮೇಡಂ, ಕ್ಷಮಿಸಿ.

ದಾವಣಗೆರೆಯ ಸದಸ್ಯ: ಒಂದು ಅಭಿಪ್ರಾಯ ಹೇಳಿದ್ದಕ್ಕೆ ತೆಗೆಯೋದಾ? ಇದೇನು ಸ್ವಾಮಿ ನ್ಯಾಯ?

ಬೆಳಗಾವಿಯ ಸದಸ್ಯೆ: ಅದು ಅಭಿಪ್ರಾಯ ಅಲ್ರೀ, ಜೀವದ ಪ್ರಶ್ನೆ.

ಹಾವೇರಿಯ ಸದಸ್ಯ: ದಿನಾ ಒಂದು ಮೊಟ್ಟಿ ತಿನ್ನಬಹುದೇನ್ರಿ?

ಡಾಕ್ಟರ್: ಮೇಲೆ ಓದಿ.

ಹಾಸನದ ಸದಸ್ಯ: ಮೇಡಂ, ಮಗಳಿಗೆ ಒಂಬತ್ತು ವರ್ಷ, ಅವಳಿಗೂ ಮಾಡಿಸಬೇಕಾ? ಇನ್ನೊಂದು, ಎರಡು ವಾರದಿಂದ ಮೆಟ್ಟಿಲು ಹತ್ತಿದ್ರೆ ಎದೆ ಹಿಡಿದ ಹಾಗಾಗುತ್ತೆ, ನಿಂತ್ರೆ ಎರಡು ನಿಮಿಷಕ್ಕೆ ಹೋಗುತ್ತೆ. ಗ್ಯಾಸ್ಟ್ರಿಕ್ ಅಂತ ಸುಮ್ನಿದ್ದೆ. ಮೊಟ್ಟೆಯಿಂದ ಗ್ಯಾಸ್ ಆಗುತ್ತಾ?

ತುಮಕೂರಿನ ಸದಸ್ಯೆ: ಜೀರಿಗೆ ನೀರು ಕುಡೀರಿ ಅಣ್ಣ, ನಮ್ಮನೆಯವರಿಗೂ ಹಾಗೇ ಆಗೋದು.

ಡಾಕ್ಟರ್: ಜೀರಿಗೆ ನೀರು ಬೇಡ. ದಯವಿಟ್ಟು ನಡುವೆ ಯಾರೂ ಬರೆಯಬೇಡಿ.

ಹಾಸನದವರೇ, ನಡೆದರೆ ಬಂದು ನಿಂತರೆ ಹೋಗುವ ಎದೆನೋವು ಹೃದಯದ್ದು ಎಂದೇ ಹಿಡಿದು ನಡೆಯಬೇಕು. ಅದೂ ಎರಡೇ ವಾರದಿಂದ ಶುರುವಾಗಿದ್ದರೆ ಕಾಯುವ ಹಾಗಿಲ್ಲ. ಇವತ್ತು ರಾತ್ರಿಯೇ ಹೃದ್ರೋಗ ವಿಭಾಗ ಇರುವ ಆಸ್ಪತ್ರೆಯ ತುರ್ತು ಚಿಕಿತ್ಸೆಗೆ ಹೋಗಿ, ಇಸಿಜಿ ಮತ್ತು ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತೋರಿಸುವ ರಕ್ತಪರೀಕ್ಷೆ) ಆಗಬೇಕು. ಸುಮ್ಮನೆ ಮಲಗಿದಾಗ ತೆಗೆದ ಇಸಿಜಿ ನಾರ್ಮಲ್ ಬಂದರೂ ಮನೆಗೆ ಹೊರಡಬೇಡಿ, ಕಾರ್ಡಿಯಾಲಜಿಸ್ಟ್ ನೋಡಲೇಬೇಕು ಎಂದು ಕೇಳಿ. ನೀವಾಗಿ ಟ್ರೆಡ್‌ಮಿಲ್ ಟೆಸ್ಟ್ ಬುಕ್ ಮಾಡಬೇಡಿ. ಬೈಕ್ ಓಡಿಸಬೇಡಿ, ಜೊತೆಗೆ ಯಾರಾದರೂ ಇರಲಿ. ಕೂತಲ್ಲೇ ನೋವು ಬಂದರೆ, ಬೆವರಿದರೆ, ಎಡಗೈಗೋ ದವಡೆಗೋ ಹರಿದರೆ 108ಕ್ಕೆ ಕರೆ ಮಾಡಿ.

ಮಗಳಿಗೂ ಮಾಡಿಸಬೇಕು, ಒಂಬತ್ತು ಸರಿಯಾದ ವಯಸ್ಸೇ. ಅದು ಮುಂದಿನ ವಾರ ಆಗಲಿ.

ಹಾಸನದ ಸದಸ್ಯ: ಭಾವ ಕಾರ್ ತರ್ತಿದಾರೆ. ಹೊರಡ್ತಿದೀನಿ.

ಡಾಕ್ಟರ್: ಚೆಕಪ್ ರಿಪೋರ್ಟ್ ಕೈಯಲ್ಲಿರಲಿ. ತಂದೆ 44ಕ್ಕೆ ಹೋದದ್ದು, ಹಿಮ್ಮಡಿಯ ಗಂಟು, ಎರಡು ವಾರದ ಎದೆನೋವು, ಮೂರನ್ನೂ ಕೌಂಟರಿನಲ್ಲೇ ಹೇಳಿ. ಗ್ಯಾಸ್ಟ್ರಿಕ್ ಎಂಬ ಮಾತು ತೆಗೆಯಲೇಬೇಡಿ.